ಹಡಗು ಬರುವ ದಿನ

ಗ್ರೀಸ್ ದೇಶದ ಭೂಪಟವನ್ನು ಬಿಚ್ಚಿ ನೋಡಿದರೆ ನೆಲಕ್ಕಿಂತ ನೀರೇ ಹೆಚ್ಚೆಂದು ತೋರುತ್ತದೆ. ಪಶ್ಚಿಮಕ್ಕೆ ಅಯೋನಿಯನ್ ಸಮುದ್ರ, ಪೂರ್ವಕ್ಕೆ ಏಜಿಯನ್. ಎರಡರಲ್ಲಿಯೂ ಕಾಳು ಚೆಲ್ಲಿದ ಹಾಗೆ ದ್ವೀಪಗಳು. ಬರಿಯ ಬಂಡೆಗಳನ್ನೂ ಸೇರಿಸಿ ಎಣಿಸಿದರೆ ಇವು ಸುಮಾರು 6,000 ಆಗುತ್ತವೆ. ಅವುಗಳಲ್ಲಿ ಮನುಷ್ಯರು ವಾಸವಾಗಿರುವವು 227 ಎಂದು ಲೆಕ್ಕ ಹೇಳುತ್ತಾರೆ. ವಿಮಾನ ನಿಲ್ದಾಣವಿರುವುದು ಕೆಲವಕ್ಕೆ ಮಾತ್ರ. ಉಳಿದ ಕಡೆಗಳಲ್ಲಿ ಮದುವೆಯ ದಿಬ್ಬಣ, ಕಾಯಿಲೆಯವರು, ಪಾಠ ಹೇಳುವ ಮೇಷ್ಟರು, ಹಿಟ್ಟಿನ ಮೂಟೆ, ಅಂಚೆಯ ಚೀಲ ಎಲ್ಲವೂ ಹಡಗಿನ ಮೇಲೆಯೇ ಹೋಗಬೇಕು, ಹಡಗಿನ ಮೇಲೆಯೇ ಬರಬೇಕು. ಇಂದು ಆ ಕಡಲಿನಲ್ಲಿ ಗಂಟೆಗೆ ಎಪ್ಪತ್ತು ಎಂಬತ್ತು ಕಿಲೊಮೀಟರು ವೇಗದಲ್ಲಿ ಓಡುವ ಪ್ರಯಾಣಿಕರ ಹಡಗುಗಳಿವೆ. ಬೇಸಗೆಯಲ್ಲಿ ದೇಶ ದೇಶಗಳ ಪ್ರವಾಸಿಗಳು ಅವುಗಳಲ್ಲಿ ತುಂಬಿಕೊಂಡು, ಬೆಳಗಿನ ಉಪಾಹಾರ ಒಂದು ದ್ವೀಪದಲ್ಲಿ, ಮಧ್ಯಾಹ್ನದ ಊಟ ಇನ್ನೊಂದರಲ್ಲಿ ಎಂಬಂತೆ ಸುತ್ತುತ್ತಾರೆ. ಈ ವೇಗ ಹೇಗೆ ಬಂತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದು ವಿಚಾರ ಮಾಡತಕ್ಕ ಕಥೆ.

ಹಡಗಿನ ವೇಗ ಆ ಜನರಿಗೆ ಎಂದೂ ಬರಿಯ ಅನುಕೂಲದ ಮಾತಾಗಿರಲಿಲ್ಲ. ಕ್ರಿ. ಪೂ. 427ರಲ್ಲಿ ಲೆಸ್ಬೋಸ್ ದ್ವೀಪದ ಮಿಟಿಲೀನಿ ನಗರ ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತಿತು. ಅಥೆನ್ಸಿನ ಪ್ರಜೆಗಳು ಸಭೆ ಸೇರಿ, ಅಲ್ಲಿಯ ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಬೇಕೆಂದು ಕೋಪದ ಭರದಲ್ಲಿ ತೀರ್ಮಾನಿಸಿದರು. ಆಜ್ಞೆಯನ್ನು ಹೊತ್ತ ಹಡಗು ಅಂದೇ ಹೊರಟಿತು. ಮರುದಿನ ಜನಕ್ಕೆ ಪಶ್ಚಾತ್ತಾಪ ಹುಟ್ಟಿತು. ಮತ್ತೆ ಸಭೆ ಸೇರಿ, ಕೆಲವೇ ಕೈಗಳ ಅಂತರದಿಂದ ಆಜ್ಞೆಯನ್ನು ರದ್ದುಮಾಡಿ, ಎರಡನೆಯ ಹಡಗನ್ನು ಅಟ್ಟಿದರು. ಮೊದಲನೆಯದು ಆಗಲೇ ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಎರಡನೆಯ ಹಡಗಿನ ಅಂಬಿಗರು ಹುಟ್ಟು ಕೆಳಗಿಡಲಿಲ್ಲ. ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆಯ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು, ಸರದಿಯ ಮೇಲೆ ನಿದ್ದೆ ಮಾಡಿದರು. ಎದುರುಗಾಳಿ ಸಿಕ್ಕಲಿಲ್ಲ. ಮೊದಲನೆಯ ಹಡಗಿನವರು ಇಂಥ ಕೆಟ್ಟ ಕೆಲಸಕ್ಕೆ ಅವಸರವೇನೆಂದು ನಿಧಾನವಾಗಿ ಸಾಗಿದ್ದರು. ಸೇನಾಪತಿ ಮರಣದ ಆಜ್ಞೆಯನ್ನು ಓದಿ ಮುಗಿಸಿ ಜಾರಿಗೆ ತರುವಷ್ಟರಲ್ಲಿ ಎರಡನೆಯದು ಬಂದರು ಸೇರಿತು. ದಂಗೆಯ ಮುಖಂಡರಿಗೆ ಕ್ಷಮೆ ದೊರೆಯಲಿಲ್ಲ. ಆದರೆ ನಗರ ಉಳಿಯಿತು. ಥ್ಯುಸಿಡಿಡೀಸ್ ಬರೆದಿಟ್ಟ ಈ ಪ್ರಸಂಗವನ್ನು ಏಜಿಯನ್ನಿನ ಮೊದಲ ಅತಿವೇಗದ ಪ್ರಯಾಣ ಎಂದರೆ ತಪ್ಪಾಗದು.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಯಾಣವೂ ಉಂಟು. ಅಥೆನ್ಸಿನವರು ಪ್ರತಿವರ್ಷ ಅಪೊಲೊ ದೇವರ ಜನ್ಮಸ್ಥಳವಾದ ಡೀಲೋಸ್ ದ್ವೀಪಕ್ಕೆ ಒಂದು ಹಡಗನ್ನು ಕಾಣಿಕೆಯೊಡನೆ ಕಳಿಸುತ್ತಿದ್ದರು. ಅದು ಹೋಗಿ ಬರುವ ತನಕ ನಗರದಲ್ಲಿ ಮಡಿ. ಯಾರಿಗೂ ಮರಣದಂಡನೆ ಕೊಡಕೂಡದು. ಕ್ರಿ. ಪೂ. 399ರಲ್ಲಿ ಸಾಕ್ರೆಟೀಸನ ವಿಚಾರಣೆಯ ಹಿಂದಿನ ದಿನ ಆ ಹಡಗಿಗೆ ಹೂಮಾಲೆ ಹಾಕಿದ್ದರು. ಎದುರುಗಾಳಿಗೆ ಸಿಕ್ಕಿದರೆ ಈ ಯಾತ್ರೆ ಬಹುಕಾಲ ಹಿಡಿಯುತ್ತಿತ್ತೆಂದು ಪ್ಲೇಟೊ ಹೇಳುತ್ತಾನೆ. ಆ ಸಲ ಹಡಗು ಹಿಂದಿರುಗುವ ಹೊತ್ತಿಗೆ 30 ದಿನ ಕಳೆದಿತ್ತೆಂದು ಜೆನೊಫನ್ ಬರೆದಿದ್ದಾನೆ. ಆ ಮೂವತ್ತು ದಿನಗಳಲ್ಲಿ ಸೆರೆಮನೆಯಲ್ಲಿ ಗೆಳೆಯರು ಕೂಡಿ ನಡೆಸಿದ ಮಾತುಕತೆಯ ನೆನಪನ್ನು ಜಗತ್ತು ಇಂದಿಗೂ ಓದುತ್ತಿದೆ. ಡೀಲೋಸ್ ಇರುವುದು ಮಿಕೊನೋಸ್ ದ್ವೀಪದ ಮಗ್ಗುಲಲ್ಲಿ. ಅಥೆನ್ಸಿನ ಬಂದರಾದ ಪಿರೇಯಸ್ಸಿನಿಂದ ಮಿಕೊನೋಸಿಗೆ ಸುಮಾರು ತೊಂಬತ್ತು ನಾಟಿಕಲ್ ಮೈಲಿ. ಇಂದಿನ ವೇಗದ ಹಡಗಿಗೆ ಅದು ಮೂರು ಗಂಟೆಯ ದಾರಿ.

ಈ ಕಡಲಿನಲ್ಲಿ ಕಾಲವನ್ನು ನಿರ್ಧರಿಸುತ್ತಿದ್ದುದು ಮೈಲಿಯಲ್ಲ, ಗಾಳಿ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಬೀಸುವ ಗಾಳಿಯೊಂದುಂಟು. ಪ್ರಾಚೀನರು ಅದಕ್ಕೆ ‘ವರ್ಷವರ್ಷವೂ ಬರುವುದು’ ಎಂಬರ್ಥದ ಹೆಸರಿಟ್ಟಿದ್ದರು. ಈಗಿನವರು ಮೆಲ್ಟೆಮಿ ಎನ್ನುತ್ತಾರೆ. ಬಿರುಗಾಳಿಯೆಂದರೆ ಕಾರ್ಮೋಡ ಗುಡುಗುಗಳನ್ನು ನೆನೆಯುವ ನಮಗೆ ಮೆಲ್ಟೆಮಿ ವಿಚಿತ್ರವಾಗಿ ಕಾಣಬಹುದು. ಆಕಾಶದಲ್ಲಿ ಒಂದು ತುಣುಕು ಮೋಡವಿರುವುದಿಲ್ಲ, ಬಿಸಿಲು ಥಳಥಳಿಸುತ್ತಿರುತ್ತದೆ, ಕೆಳಗೆ ಕಡಲು ಮಾತ್ರ ನೊರೆಗರೆದು ಕುದಿಯುತ್ತಿರುತ್ತದೆ. ದಿನಗಟ್ಟಲೆ ಹೀಗೆಯೇ ಬೀಸಿ, ಒಂದು ಸಂಜೆ ಹೇಳದೆ ಕೇಳದೆ ನಿಂತುಬಿಡುತ್ತದೆ.

ಹಳೆಯ ಕವಿ ಹೆಸಿಯಡ್ ತನ್ನ ತಮ್ಮನಿಗೆ ಬುದ್ಧಿ ಹೇಳುತ್ತ, ಹಗಲು ಅತಿ ದೀರ್ಘವಾದ ದಿನ ಕಳೆದ ಮೇಲಿನ ಐವತ್ತು ದಿನಗಳೇ ಹಡಗು ಹೂಡುವುದಕ್ಕೆ ತಕ್ಕ ಕಾಲವೆಂದು ಎಣಿಸಿಕೊಡುತ್ತಾನೆ. ಇಷ್ಟು ಉಪದೇಶ ಮಾಡಿದ ಆತ ತಾನು ಹಡಗು ಹತ್ತಿದ್ದು ಒಂದೇ ಸಲವೆಂದು ಒಪ್ಪಿಕೊಳ್ಳುತ್ತಾನೆ. ಅದೂ ಔಲಿಸ್‌ನಿಂದ ಎದುರಿಗೇ ಕಾಣುವ ಯೂಬಿಯ ದ್ವೀಪಕ್ಕೆ, ಕವಿತೆಯ ಸ್ಪರ್ಧೆಗೆಂದು! ಬಹುಮಾನ ಗೆದ್ದು ಬಂದನಂತೆ. ಕ್ರಿಸ್ತನ ಶಿಷ್ಯಪರಂಪರೆಯ ಪೌಲನ ಯಾತ್ರೆಯ ವೃತ್ತಾಂತವನ್ನು ಓದಿದರೂ ಇದೇ ಕಾಣುತ್ತದೆ. ಇಂದು ಕಿಯೋಸಿನ ಎದುರಿಗೆ, ನಾಳೆ ಸಾಮೋಸ್, ಮುಂದೆ ಕೋಸ್, ಅದರ ಮರುದಿನ ರೋಡ್ಸ್ ಎಂದು ಮೆಟ್ಟಿಲಿಳಿದಂತೆ ದ್ವೀಪದಿಂದ ದ್ವೀಪಕ್ಕೆ ಪ್ರಯಾಣ. ಮುಂದೊಮ್ಮೆ ಕಾಲ ಮೀರಿ ಕ್ರೀಟಿನ ಬಳಿ ಹೊರಟ ಹಡಗು ಗಾಳಿಗೆ ಸಿಕ್ಕಿ, ಕಡೆಗೆ ಮಾಲ್ಟಾದ ದಡಕ್ಕೆ ಬಡಿದು ಒಡೆಯಿತು. ಚಳಿಗಾಲದಲ್ಲಿ ಕಡಲು ಮುಚ್ಚಿದ ಬಾಗಿಲು ಎಂಬುದು ಎರಡು ಸಾವಿರ ವರ್ಷಗಳ ಕಾಲ ಎಲ್ಲರೂ ನಂಬಿದ್ದ ಮಾತು.

ಆ ಬಾಗಿಲನ್ನು ಮೊದಲು ತೆರೆದದ್ದು ಉಗಿಹಡಗು. 1821ರಲ್ಲಿ ಗ್ರೀಕರು ತುರ್ಕರ ಆಳ್ವಿಕೆಯ ವಿರುದ್ಧ ಸ್ವಾತಂತ್ರ್ಯ ಯುದ್ಧ ಹೂಡಿದಾಗ, ಕಿಯೋಸ್, ಪ್ಸಾರಾ ಮೊದಲಾದ ದ್ವೀಪಗಳಲ್ಲಿ ಘೋರ ಹತ್ಯೆಗಳಾದವು. ತಪ್ಪಿಸಿಕೊಂಡ ನಿರಾಶ್ರಿತರು ಸೀರೋಸ್ ಎಂಬ ಬೋಳು ದ್ವೀಪದ ದಡದಲ್ಲಿ ಗುಡಿಸಲು ಹಾಕಿಕೊಂಡು, ವಾಣಿಜ್ಯದ ದೇವತೆಯಾದ ಹರ್ಮೀಸನ ಹೆಸರಿನಲ್ಲಿ ಹರ್ಮೊಪೊಲಿಸ್ ಎಂಬ ಊರನ್ನು ಕಟ್ಟಿದರು. ಮೂರು ನಾಲ್ಕು ದಶಕಗಳಲ್ಲಿ ಅದು ದೇಶದ ಮುಖ್ಯ ಬಂದರಾಯಿತು. 1856ರಲ್ಲಿ ಗ್ರೀಕರ ಮೊದಲ ಉಗಿಹಡಗು ಕಂಪನಿ ಅಲ್ಲಿಯೇ ಹುಟ್ಟಿತು. ಅಂಚೆಯನ್ನೂ ಜನರನ್ನೂ ಹೊತ್ತು, ಗಾಳಿಯ ಅಪ್ಪಣೆ ಕೇಳದೆ, ಗೊತ್ತಾದ ದಿನ ಗೊತ್ತಾದ ದ್ವೀಪಕ್ಕೆ ಹಡಗು ಬರುತ್ತದೆ ಎಂಬ ಹೊಸ ಸಂಗತಿ ಅಲ್ಲಿಂದ ಆರಂಭವಾಯಿತು. ದ್ವೀಪದವರ ಪಾಲಿಗೆ ನಿಜವಾದ ಕ್ರಾಂತಿಯೆಂದರೆ ಇದೇ. ಆ ಉಗಿಹಡಗುಗಳ ವೇಗ ಅಷ್ಟೇನೂ ಹೆಚ್ಚಲ್ಲ. ಆದರೆ ಪಂಚಾಂಗಕ್ಕೆ ಒಂದು ದಿನ ಸೇರಿತು: ಹಡಗು ಬರುವ ದಿನ.

ಬಂದ ಹಡಗು ದಡಕ್ಕೆ ತಾಗುತ್ತಿತ್ತೆಂದು ತಿಳಿಯಬಾರದು. ಅನೇಕ ದ್ವೀಪಗಳಲ್ಲಿ ದೊಡ್ಡ ಹಡಗು ನಿಲ್ಲುವಷ್ಟು ಆಳವಾದ ಕಟ್ಟೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ ಸಿಳ್ಳು ಹಾಕಿದರೆ, ದಡದಿಂದ ಚಿಕ್ಕ ದೋಣಿಗಳು ಹೋಗುತ್ತಿದ್ದುವು. ಅಲೆಗಳ ಮೇಲೆ ತೂಗಾಡುವ ದೋಣಿಗೆ ಮುದುಕರನ್ನು, ಮಕ್ಕಳನ್ನು, ಕಾಲು ಕಟ್ಟಿದ ಆಡು ಕುರಿಗಳನ್ನು ಕೈಯಿಂದ ಕೈಗೆ ಇಳಿಸಬೇಕು. ಸ್ಯಾಂಟೊರಿನಿಯಲ್ಲಿಯಂತೂ ದೋಣಿಯಿಂದ ಇಳಿದ ಮೇಲೆ ಕಡಿದಾದ ಬಂಡೆಯಲ್ಲಿ ಕೊರೆದ ಐನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಹತ್ತಬೇಕಿತ್ತು, ಇಲ್ಲವೆ ಕತ್ತೆಯ ಬೆನ್ನೇರಬೇಕಿತ್ತು.

ಎರಡನೆಯ ಮಹಾಯುದ್ಧದ ತರುವಾಯ ಗ್ರೀಕ್ ಕಂಪನಿಗಳು ಪರದೇಶದ ಹಳೆಯ ಹಡಗುಗಳನ್ನು ಕೊಂಡು, ಹೊಟ್ಟೆಯಲ್ಲಿ ಲಾರಿಗಳು ನಿಲ್ಲುವಂತೆ ಮಾರ್ಪಡಿಸಿ ಓಡಿಸಲಾರಂಭಿಸಿದುವು. ‘ಹೆರಾಕ್ಲಿಯನ್’ ಅಂಥದೊಂದು ಹಡಗು. 1949ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಲ್ಪಟ್ಟು, ಮೊದಲು ಲಿವರ್‌ಪೂಲಿನಿಂದ ರಂಗೂನಿಗೆ ಓಡುತ್ತಿದ್ದ ಈ ಹಡಗು ಮುದಿತನದಲ್ಲಿ ಕ್ರೀಟಿನ ದಾರಿಗೆ ಬಂದಿತ್ತು. 1966ರ ಡಿಸೆಂಬರ್ 7ರ ರಾತ್ರಿ ಬಿರುಗಾಳಿಯಲ್ಲಿಯೇ ಕ್ರೀಟಿನ ಸೂದಾ ಬಂದರಿನಿಂದ ಪಿರೇಯಸ್ಸಿಗೆ ಹೊರಟಿತು. ಒಳಗೆ ಸರಿಯಾಗಿ ಕಟ್ಟಿರದ ಒಂದು ಶೀತಲ ಲಾರಿ ಹಡಗಿನ ತೂಗಾಟಕ್ಕೆ ಸಡಿಲಗೊಂಡು ಪಕ್ಕದ ಬಾಗಿಲನ್ನು ಗುದ್ದಿ ಗುದ್ದಿ ತೆರೆಯಿತು, ಕಡಲು ಒಳನುಗ್ಗಿತು. ಬೆಳಗಾಗುವುದರೊಳಗೆ ಫಾಲ್ಕೊನೇರ ಎಂಬ ಬಂಡೆಯ ಬಳಿ ಹಡಗು ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬದುಕಿ ಉಳಿದವರು ಐವತ್ತಕ್ಕೂ ಕಡಿಮೆ. ಮಾಲೀಕರ ಮೇಲೆ ಮೊಕದ್ದಮೆ ನಡೆದು ನಿರ್ಲಕ್ಷ್ಯಕ್ಕಾಗಿ ಶಿಕ್ಷೆಯಾಯಿತು.

ಕ್ರೀಟಿನ ಜನ ಅತ್ತು ಸುಮ್ಮನಾಗಲಿಲ್ಲ. ನಮ್ಮನ್ನು ಹೊರುವ ಹಡಗು ನಮ್ಮದೇ ಆಗಿರಬೇಕು ಎಂದು ಹೊರಟರು. ಕಿಸಾಮೋಸಿನ ಬಿಷಪ್ ಐರಿನಿಯೋಸ್ ಮುಂದಾಳಾಗಿ ನಿಂತರು. ರೈತರು, ಅಂಗಡಿಕಾರರು, ಮೇಷ್ಟರುಗಳು ಚಿಕ್ಕ ಚಿಕ್ಕ ಪಾಲು ಕೊಂಡು 1967ರಲ್ಲಿ ‘ಆನೆಕ್’ ಎಂಬ ಹಡಗು ಕಂಪನಿಯನ್ನು ಸ್ಥಾಪಿಸಿದರು. ಐದು ದಶಕಗಳಿಗೂ ಮೀರಿ ಅದು ನಡೆಯಿತು. 2023ರಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಸೇರಿಹೋಯಿತು. ದ್ವೀಪದವರು ಹಡಗನ್ನು ಕುರಿತು ಏನು ಭಾವಿಸುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವೇಗದ ಯುಗ ಬಂದದ್ದು ಇನ್ನೊಂದು ದಿಕ್ಕಿನಿಂದ. ವಿಮಾನದ ರೆಕ್ಕೆ ಗಾಳಿಯಲ್ಲಿ ಎತ್ತುವ ಹಾಗೆ, ನೀರಿನೊಳಗೆ ಇಟ್ಟ ರೆಕ್ಕೆ ದೋಣಿಯನ್ನು ಮೇಲಕ್ಕೆತ್ತಬಲ್ಲದು. ಒಡಲು ನೀರಿನಿಂದ ಮೇಲೆದ್ದರೆ ಅದನ್ನು ಹಿಂದಕ್ಕೆ ಜಗ್ಗುವ ತಡೆ ಬಹುಮಟ್ಟಿಗೆ ತಪ್ಪುತ್ತದೆ. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜೋರೆ ಸರೋವರದಲ್ಲಿ ಇಂಥ ದೋಣಿಯನ್ನು ಓಡಿಸಿ ತೋರಿಸಿದನು. ಅದೇ ಸರೋವರದಲ್ಲಿ 1953ರಲ್ಲಿ ಪ್ರಯಾಣಿಕರ ಸಂಚಾರವೂ ಮೊದಲಾಯಿತು. ಸೋವಿಯತ್ ದೇಶದಲ್ಲಿ ರೊಸ್ತಿಸ್ಲಾವ್ ಅಲೆಕ್ಸೆಯೆವ್ ಎಂಬ ಎಂಜಿನಿಯರು 1957ರಲ್ಲಿ ‘ರಾಕೆಟ’ ಎಂಬ ದೋಣಿಯನ್ನು ವೋಲ್ಗಾ ನದಿಗಿಳಿಸಿ, ಗೋರ್ಕಿಯಿಂದ ಕಜಾನಿನವರೆಗಿನ 420 ಕಿಲೊಮೀಟರನ್ನು ಏಳು ಗಂಟೆಗಳಲ್ಲಿ ಮುಗಿಸಿದನು. ಇದೇ ಬಗೆಯ ಕಡಲ ದೋಣಿಯೇ ‘ಕೊಮೆಟ’. 1975ರಿಂದ ಈ ದೋಣಿಗಳು ಗ್ರೀಸಿನಲ್ಲಿ ಓಡತೊಡಗಿದುವು. ಪಿರೇಯಸ್ಸಿಗೆ ಸಮೀಪದ ಹೈಡ್ರಾ, ಸ್ಪೆಟ್ಸೆಸ್ ಮುಂತಾದ ದ್ವೀಪಗಳಿಗೆ ನೂರಕ್ಕೂ ಮಿಕ್ಕ ಜನರನ್ನು ಹೊತ್ತು, ಗಂಟೆಗೆ ಮೂವತ್ತು ನಾಟಿಕಲ್ ಮೈಲಿಗೂ ಮೀರಿದ ವೇಗದಲ್ಲಿ ಹಾರುತ್ತ ಬಂದ ಈ ಹಳದಿ ನೀಲಿ ದೋಣಿಗಳಿಗೆ ‘ಹಾರುವ ಡಾಲ್ಫಿನ್’ ಎಂಬ ಹೆಸರು ಬಿತ್ತು.

ಅನಂತರ ಬಂದುವು ಜೋಡಿ ಒಡಲಿನ ದೊಡ್ಡ ಹಡಗುಗಳು. ಇವಕ್ಕೆ ಜಗತ್ತೆಲ್ಲ ಕಟಮರಾನ್ ಎನ್ನುತ್ತದೆ. ಕಿವಿಗೊಟ್ಟು ಕೇಳಿದರೆ ಅದು ನಮ್ಮ ನೆರೆಯ ತಮಿಳಿನ ‘ಕಟ್ಟುಮರಂ’. ಕೋರಮಂಡಲ ತೀರದ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಯುತ್ತಿದ್ದ ತೆಪ್ಪ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ನಾವಿಕರು ಆ ಮಾತನ್ನು ಎತ್ತಿಕೊಂಡರು; ಕಾಲಕ್ರಮದಲ್ಲಿ ಅದು ಪೆಸಿಫಿಕ್ ದ್ವೀಪಗಳವರ ಜೋಡಿ ದೋಣಿಗೆ ಅಂಟಿಕೊಂಡು, ಕೊನೆಗೆ ಅಲ್ಯುಮಿನಿಯಮಿನ ಈ ಯಂತ್ರಕ್ಕೆ ಬಂದು ನಿಂತಿತು. ಒಂದು ದಪ್ಪ ಒಡಲಿನ ಬದಲು ಎರಡು ತೆಳು ಒಡಲುಗಳಿದ್ದರೆ ಅಲೆಯ ತಡೆ ಕಡಿಮೆ. ಲೋಹ ಹಗುರವಾದರೆ ಭಾರ ಕಡಿಮೆ. ಹಿಂಬದಿಯಲ್ಲಿ ತಿರುಗುವ ಚಕ್ರಕ್ಕೆ ಬದಲಾಗಿ, ನೀರನ್ನು ಒಳಗೆಳೆದು ರಭಸದಿಂದ ಹಿಂದಕ್ಕೆ ಉಗುಳುವ ಪಂಪುಗಳು. ಆಸ್ಟ್ರೇಲಿಯದಲ್ಲಿ ಕಟ್ಟಿ, 2000ದಲ್ಲಿ ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪಕ್ಕೆ ಓಡಲಾರಂಭಿಸಿದ ಇಂಥದೊಂದು ಹಡಗು 2019ರಲ್ಲಿ ಏಜಿಯನ್ನಿಗೆ ಬಂದಿತು; ಗಂಟೆಗೆ ನಾಲ್ವತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ ಅದರ ಓಟ. ಹಳೆಯ ಮಾದರಿಯ ಹಡಗಿಗೆ ಎಂಟು ಗಂಟೆ ಹಿಡಿಯುವ ಸ್ಯಾಂಟೊರಿನಿ ಇದಕ್ಕೆ ಐದು ಗಂಟೆಯೊಳಗಿನ ದಾರಿ.

ಎರಡು ಬಗೆಯ ಪ್ರಯಾಣದ ರುಚಿಯೂ ಬೇರೆ ಬೇರೆ. ಹಳೆಯ ಹಡಗಿನಲ್ಲಿ ಮೇಲಟ್ಟದ ಮೇಲೆ ತಿರುಗಾಡಬಹುದು. ದ್ವೀಪವೊಂದು ಮೊದಲು ನೀಲಿಯ ಗೆರೆಯಾಗಿ, ಆಮೇಲೆ ಬೆಟ್ಟವಾಗಿ, ಕೊನೆಗೆ ಬೆಟ್ಟದ ಮೇಲಿನ ಬಿಳಿಯ ಮನೆಗಳಾಗಿ ಮೂಡುವುದನ್ನು ಕಾಣಬಹುದು. ವೇಗದ ಹಡಗಿನಲ್ಲಿ ಹೆಚ್ಚಾಗಿ ಒಳಗೇ ಕುಳಿತಿರಬೇಕು. ನಂಬರು ಹಾಕಿದ ಕುರ್ಚಿ, ತಂಪುಗಾಳಿ, ಉಪ್ಪುನೀರಿನ ಸಿಂಪಣೆಯಿಂದ ಮಸುಕಾದ ಗಾಜು. ಕಡಲು ಸ್ವಲ್ಪ ಕದಡಿದರೆ ಸಿಬ್ಬಂದಿಯವರು ಕಾಗದದ ಚೀಲಗಳನ್ನು ಹಂಚಿಕೊಂಡು ಬರುತ್ತಾರೆ. ಬಂದರು ಬರುವ ಮೊದಲೇ ಎಲ್ಲರೂ ಗಂಟುಮೂಟೆ ಹಿಡಿದು ಕೆಳಗಿನ ಅಂತಸ್ತಿನಲ್ಲಿ ಕಾದಿರಬೇಕು. ಹಿಂಬಾಗಿಲು ಸೇತುವೆಯಂತೆ ಕಟ್ಟೆಯ ಮೇಲೆ ಬೀಳುತ್ತದೆ. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಹತ್ತು ನಿಮಿಷದೊಳಗೆ ಹಡಗು ಹೊರಟುಹೋಗಿರುತ್ತದೆ.

ವೇಗಕ್ಕೆ ಬೆಲೆಯುಂಟು. ಸಾಮಾನ್ಯ ಹಡಗಿನ ವೇಗವನ್ನು ಎರಡು ಪಟ್ಟು ಮಾಡಬೇಕಾದರೆ ಎಂಜಿನ್ನಿನ ಶಕ್ತಿ ಸುಮಾರು ಎಂಟು ಪಟ್ಟು ಬೇಕು ಎಂಬುದು ಹಡಗು ಕಟ್ಟುವವರ ಸ್ಥೂಲ ಸೂತ್ರ. ಅರ್ಧ ಹೊತ್ತಿನಲ್ಲಿ ತಲಪುವುದರಿಂದ ಒಂದು ಪ್ರಯಾಣಕ್ಕೆ ಎಣ್ಣೆ ನಾಲ್ಕು ಪಟ್ಟು. ಒಡಲಿನ ಆಕಾರವನ್ನು ಎಷ್ಟು ಜಾಣತನದಿಂದ ತಿದ್ದಿದರೂ ಈ ಲೆಕ್ಕದಿಂದ ಪೂರ್ತಿ ತಪ್ಪಿಸಿಕೊಳ್ಳಲಾಗದು. ಆದ್ದರಿಂದ ಟಿಕೆಟು ದುಬಾರಿ. ಕುರ್ಚಿಗಳು ತುಂಬಿದರೆ ಮಾತ್ರ ಲಾಭ. ಕುರ್ಚಿ ತುಂಬುವುದು ಏಪ್ರಿಲಿನಿಂದ ಅಕ್ಟೋಬರಿನ ತನಕ, ಅದೂ ಪ್ರವಾಸಿಗಳು ಬಯಸುವ ದ್ವೀಪಗಳಿಗೆ. ಗಾಳಿಯೂ ತನ್ನ ಹಳೆಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಗಾಳಿ ಒಂದು ಮಿತಿಯನ್ನು ದಾಟಿದರೆ ಬಂದರಿನ ಅಧಿಕಾರಿಗಳು ಸಂಚಾರ ನಿಷೇಧಿಸುತ್ತಾರೆ. ಈ ನಿಷೇಧ ಮೊದಲು ತಾಕುವುದು ಹಗುರವಾದ ವೇಗದ ಹಡಗುಗಳಿಗೆ. ಅವು ಕಟ್ಟೆಗೆ ಕಟ್ಟಿಕೊಂಡು ನಿಂತಿರುವಾಗ, ಭಾರವಾದ ಹಳೆಯ ಮಾದರಿಯ ಹಡಗು ಅದೇ ಅಲೆಗಳ ಮೇಲೆ ತೇಕುತ್ತ ಸಾಗಿರುತ್ತದೆ.

ಹಾಗೆಂದು ನಿಧಾನವೇ ಕ್ಷೇಮವೆಂದು ಭಾವಿಸುವುದೂ ಸಲ್ಲದು. ಹೆರಾಕ್ಲಿಯನ್ ಮುಳುಗಿದ ವರ್ಷವೇ, 1966ರಲ್ಲಿ, ಕಟ್ಟಲ್ಪಟ್ಟ ‘ಎಕ್ಸ್‌ಪ್ರೆಸ್ ಸಮಿನ’ ಎಂಬ ಹಡಗು 2000ದ ಸೆಪ್ಟೆಂಬರ್ 26ರ ರಾತ್ರಿ ಪಾರೋಸ್ ಬಂದರಿನ ಹೊಸ್ತಿಲಲ್ಲಿಯೇ, ದೀಪವಿರುವ ಬಂಡೆಗಳಿಗೆ ಬಡಿದು ಮುಳುಗಿತು. ಮುಚ್ಚಿರಬೇಕಾಗಿದ್ದ ಒಳಬಾಗಿಲುಗಳು ತೆರೆದೇ ಇದ್ದುವು. ಎಂಬತ್ತಕ್ಕೂ ಹೆಚ್ಚು ಜನ ಪ್ರಾಣಬಿಟ್ಟರು. ಮುದಿ ಹಡಗುಗಳನ್ನು ಇನ್ನೆಷ್ಟು ದಿನ ಓಡಿಸುವುದು ಎಂದು ದೇಶವೇ ಕೇಳಿತು. 2002ರಲ್ಲಿ ಯುರೋಪಿನ ನಿಯಮಗಳಿಗೆ ಅನುಸಾರವಾಗಿ ದ್ವೀಪಗಳ ಹಡಗು ಸಂಚಾರವನ್ನು ಸ್ಪರ್ಧೆಗೆ ತೆರೆದರು. ಲಾಭವಿರುವ ದಾರಿಗಳಲ್ಲಿ ಹೊಸ ಹಡಗುಗಳು ಒಂದರ ಹಿಂದೊಂದು ಬಂದುವು.

ಲಾಭವಿಲ್ಲದ ದಾರಿಗಳ ಗತಿ? ಅವಕ್ಕೆ ಗ್ರೀಕರು ಇಟ್ಟಿರುವ ಹೆಸರು ‘ಆಗೊನೆಸ್ ಗ್ರಮ್ಮೆಸ್’, ಅಂದರೆ ಬಂಜರು ದಾರಿಗಳು. ಯಾವ ಕಂಪನಿಯೂ ತಾನಾಗಿ ಹಡಗು ಹೂಡಲೊಪ್ಪದ ದ್ವೀಪಗಳಿಗೆ ಸರಕಾರ ಟೆಂಡರು ಕರೆದು, ನಷ್ಟವನ್ನು ತಾನೇ ತುಂಬಿಕೊಟ್ಟು ಹಡಗು ಓಡಿಸುತ್ತದೆ. ನಾಕ್ಸೋಸ್ ಮತ್ತು ಅಮೊರ್ಗೋಸ್‌ಗಳ ನಡುವೆ ಇರಾಕ್ಲಿಯ, ಸ್ಕಿನೂಸ, ಕೂಫೊನಿಸಿ, ದೊನೂಸ ಎಂಬ ಪುಟ್ಟ ದ್ವೀಪಗಳಿವೆ. ‘ಸ್ಕೊಪೆಲಿಟಿಸ್’ ಎಂಬ ಒಂದು ಚಿಕ್ಕ ಹಡಗು ದಶಕಗಳಿಂದ ಬೇಸಗೆ ಚಳಿಗಾಲಗಳೆನ್ನದೆ ಅವುಗಳನ್ನು ಪೋಣಿಸುತ್ತ ಬಂದಿದೆ. ಅದನ್ನು ವೇಗದ ಹಡಗೆಂದು ಯಾರೂ ಕರೆಯರು.

ಹಡಗು ಬಾರದ ದ್ವೀಪವೆಂದರೆ ಏನೆಂಬುದನ್ನು ಅರಸರೂ ಸರ್ವಾಧಿಕಾರಿಗಳೂ ಚೆನ್ನಾಗಿ ಅರಿತಿದ್ದರು. ರೋಮಿನ ಚಕ್ರವರ್ತಿಗಳು ಬೇಡವಾದವರನ್ನು ಏಜಿಯನ್ನಿನ ಬಂಡೆಗಳಿಗೆ ಅಟ್ಟುತ್ತಿದ್ದರು. ಗ್ಯಾರೋಸ್ ಎಂಬುದು ಮನುಷ್ಯರಿರತಕ್ಕ ಸ್ಥಳವಲ್ಲವೆಂದು ಟೈಬೀರಿಯಸ್ ಒಬ್ಬ ಅಪರಾಧಿಯನ್ನು ಕಿತ್‌ನೋಸಿಗೆ ಕಳಿಸಿದನೆಂದು ಟ್ಯಾಸಿಟಸ್ ಬರೆದಿದ್ದಾನೆ. ಅದೇ ಗ್ಯಾರೋಸನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಸೆರೆಮನೆಯಾಗಿ ಮಾಡಿದರು. ಮಾಕ್ರೊನಿಸೋಸ್, ಆಯ್ ಸ್ತ್ರಾತಿಸ್, ಅನಾಫಿ, ಇಕಾರಿಯಗಳಿಗೆ ಸಾವಿರಾರು ರಾಜಕೀಯ ಕೈದಿಗಳನ್ನು ಗಡೀಪಾರು ಮಾಡಿದರು. ಇಂಥ ಕೆಲವೆಡೆ ಎತ್ತರದ ಗೋಡೆ ಕಟ್ಟುವ ಖರ್ಚೂ ಬೀಳಲಿಲ್ಲ. 1941ರ ಚಳಿಗಾಲದಲ್ಲಿ, ಶತ್ರುಗಳ ಆಕ್ರಮಣದಿಂದ ಹಡಗು ಸಂಚಾರ ಕಡಿದಾಗ, ಒಂದು ಕಾಲಕ್ಕೆ ದೇಶಕ್ಕೇ ಹಡಗು ಒದಗಿಸಿದ್ದ ಸೀರೋಸಿನಲ್ಲಿ ಜನ ಹಸಿವಿನಿಂದ ಸಾವಿರಗಟ್ಟಲೆ ಸತ್ತರು. ಶಾಂತಿಯ ದಿನಗಳಲ್ಲಿ ದ್ವೀಪ ಸಾಯುವ ಬಗೆ ಇಷ್ಟು ಕ್ರೂರವಲ್ಲ, ಮೆಲ್ಲಮೆಲ್ಲಗೆ ಖಾಲಿಯಾಗುತ್ತದೆ. ತುರ್ಕಿಯ ದಡಕ್ಕೆ ಅಂಟಿಕೊಂಡಂತಿರುವ ಕಾಸ್ಟೆಲೊರಿಜೊದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸಾವಿರಾರು ಜನರಿದ್ದರು. ಇಂದು ಕೆಲವು ನೂರು. ಅವರ ಮೊಮ್ಮಕ್ಕಳು ಆಸ್ಟ್ರೇಲಿಯದ ಪರ್ತ್, ಸಿಡ್ನಿ ನಗರಗಳಲ್ಲಿದ್ದಾರೆ.

ಚಳಿಗಾಲದಲ್ಲಿಯೂ ಶಾಲೆ ನಡೆಯಬೇಕಾದರೆ, ಔಷಧಾಲಯ ತೆರೆದಿರಬೇಕಾದರೆ, ಹರೆಯದ ದಂಪತಿಗಳು ಇಲ್ಲಿಯೇ ಇರೋಣ ಎನ್ನಬೇಕಾದರೆ, ದ್ವೀಪದವರು ಕೇಳುವುದು ಐದು ಗಂಟೆಯೋ ಎಂಟು ಗಂಟೆಯೋ ಎಂದಲ್ಲ. ವಾರಕ್ಕೆ ಎಷ್ಟು ಸಲ ಎಂದು ಕೇಳುತ್ತಾರೆ. ಬೇಸಗೆಯಲ್ಲಿ ವೇಗದ ಹಡಗು ತಂದ ಹಣದಿಂದ ಅನೇಕ ದ್ವೀಪಗಳಲ್ಲಿ ಮುಚ್ಚಿದ್ದ ಮನೆಗಳ ಬಾಗಿಲು ತೆರೆದವೆಂಬುದು ನಿಜ. ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಪ್ರವಾಸಿ ಹೊರಟುಹೋದ ಮೇಲೆ ಉಳಿಯುವ ಜನರನ್ನು ನೋಡಿಕೊಳ್ಳುವುದು ಮಾತ್ರ ಇನ್ನೊಂದು ಹಡಗಿನ ಕೆಲಸ. ಫೆಬ್ರವರಿಯ ನಡುರಾತ್ರಿ ಅದು ಬಂದರಿಗೆ ಬರುತ್ತದೆ. ಅಡುಗೆ ಅನಿಲದ ಸಿಲಿಂಡರುಗಳ ಲಾರಿಯೊಂದು ಇಳಿಯುತ್ತದೆ; ರಜೆ ಮುಗಿಸಿದ ಮೇಷ್ಟರು, ಅಥೆನ್ಸಿನ ಆಸ್ಪತ್ರೆಯಿಂದ ಹಿಂದಿರುಗಿದ ಮುದುಕಿ ಇಳಿಯುತ್ತಾರೆ. ಸಾಕ್ರೆಟೀಸನ ಹಡಗು ಸೂನಿಯನ್ ಭೂಶಿರದಲ್ಲಿ ಕಂಡಿತೆಂಬ ಸುದ್ದಿಯನ್ನು ಕ್ರಿಟೊ ಸೆರೆಮನೆಗೆ ತಂದಂತೆ, ಇಲ್ಲಿಯೂ ಯಾರಾದರೊಬ್ಬರು ಮೊದಲು ಅದರ ದೀಪವನ್ನು ದೂರದಲ್ಲಿ ಕಂಡು ಉಳಿದವರಿಗೆ ಹೇಳಿರುತ್ತಾರೆ. ಕಟ್ಟೆಯ ಮೇಲೆ ಕಾದಿದ್ದ ಹತ್ತು ಹನ್ನೆರಡು ಮಂದಿ ಕೋಟಿನ ಕಾಲರನ್ನು ಮೇಲೆತ್ತಿಕೊಂಡು, ಇಳಿಯುವವರ ಕೈಯಿಂದ ಗಂಟುಗಳನ್ನು ತೆಗೆದುಕೊಳ್ಳಲು ಮುಂದೆ ಬರುತ್ತಾರೆ.